ಕಿಟಕಿಯ ಚಿಲಕ ತೆಗೆದವರು ಯಾರು?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹಳೇ ವ್ಯಾಂಪೈರ್ (ರಕ್ತ ಹೀರುವ ದೆವ್ವ) ಚಿತ್ರಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅದನ್ನು ಓದಿ ಮನೆಯವರೆಲ್ಲ ಕೂತು 1958ರ 'ಡ್ರಾಕುಲಾ' ನೋಡಿದೆವು. ಕಾಲೇಜಿಗೆ ಹೋಗುವ ಮಗ ನಗುತ್ತಲೇ ಇದ್ದ. ರಕ್ತವೋ, ಬಣ್ಣದ ಡಬ್ಬಿ ಚೆಲ್ಲಿದ ಹಾಗಿದೆ. ನನಗೂ ಹೆದರಿಕೆ ಆಗಲಿಲ್ಲ. ಹೆದರಿಸಲಾಗದ ದೆವ್ವದ ಚಿತ್ರದಲ್ಲಿ ನಿಮಗೆ ಕಂಡದ್ದೇನು? ನಮ್ಮಲ್ಲಿ ದೆವ್ವದ ಕಥೆಗಳಿಗೆ ಬರ ಬಂದಿದೆಯೇ? ಇಷ್ಟಾದ ಮೇಲೂ ನೋಡಿ ಅನ್ನುವುದಾದರೆ, ಮುಂದೆ ಯಾವುದನ್ನು ನೋಡಬೇಕು ಅದನ್ನೂ ಹೇಳಿ."

ಮೇಡಂ, ನಮಸ್ಕಾರ.

ಲೇಖನ ಓದಿ ಸುಮ್ನೆ ಪುಟ ತಿರುಗಿಸದೆ, ಮನೆಮಂದಿಯನ್ನೆಲ್ಲ ಕೂರಿಸಿ ಚಿತ್ರ ತೋರಿಸಿದಿರಿ. ತುಂಬಾ ಖುಷಿಯಾಯಿತು. ಮಗ ನಕ್ಕದ್ದರಲ್ಲೂ ತಪ್ಪಿಲ್ಲ. ಆ ರಕ್ತ ಜಾಸ್ತಿಯೇ ಕೆಂಪು. ಯಾಕೆ ಅಷ್ಟು ಕೆಂಪು ಅನ್ನುವಲ್ಲಿಂದಲೇ ಶುರು ಮಾಡುತ್ತೇನೆ.

ಈ ಚಿತ್ರ ತೆಗೆದ ಹ್ಯಾಮರ್ ಕಂಪನಿ 1934ರಲ್ಲಿ ಹುಟ್ಟಿದ್ದು. ದುಡ್ಡಿದ್ದ ಕಂಪನಿಯಲ್ಲ. ಥೇಮ್ಸ್ ನದಿಯ ದಡದಲ್ಲಿ, ಬ್ರೇ ಎಂಬ ಊರಿನ ಹತ್ತಿರ ಒಂದು ಹಳೇ ಬಂಗಲೆ ಹಿಡಿದು ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. 1931ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ತೆಗೆದ 'ಡ್ರಾಕುಲಾ' ಕಪ್ಪು-ಬಿಳುಪಿನದು. ಅದರಲ್ಲಿ ಬೇಲಾ ಲುಗೋಸಿ ಕಣ್ಣಲ್ಲೇ ಹೆದರಿಸುತ್ತಾನೆ, ಕೋರೆಹಲ್ಲು ತೋರಿಸುವುದೇ ಇಲ್ಲ. 1958ರ ಬ್ರಿಟನ್ನನ್ನು ಸ್ವಲ್ಪ ನೆನಪಿಸಿಕೊಳ್ಳಿ. ಯುದ್ಧ ಮುಗಿದು 13 ವರ್ಷ. ರೇಷನ್ ಮುಗಿದು ನಾಲ್ಕೇ ವರ್ಷ. ಅಂಥ ಮಬ್ಬು ದಿನಗಳಲ್ಲಿ ಥಿಯೇಟರಿಗೆ ಬಂದವರ ಕಣ್ಣೆದುರು, ಚಿತ್ರದ ಹೆಸರುಗಳು ಮುಗಿಯುತ್ತಿದ್ದಂತೆ, ಡ್ರಾಕುಲಾನ ಹೆಸರು ಕೆತ್ತಿದ ಶವಪೆಟ್ಟಿಗೆಯ ಮೇಲೆ ಪಟಪಟನೆ ಕೆಂಪು ರಕ್ತ ಬೀಳುತ್ತದೆ. ಜನ ಬೆಚ್ಚಿಬಿದ್ದದ್ದು ಆ ಬಣ್ಣಕ್ಕೆ. ಛಾಯಾಗ್ರಾಹಕ ಜ್ಯಾಕ್ ಆಶರ್ ಮತ್ತು ಸೆಟ್ ಹಾಕಿದ ಬರ್ನಾರ್ಡ್ ರಾಬಿನ್ಸನ್ ಇಬ್ಬರಿಗೂ ಅದು ಗೊತ್ತಿತ್ತು. ಡ್ರಾಕುಲಾನ ಕೋಟೆಯಲ್ಲಿ ಜೇಡರ ಬಲೆ ಕಂಡಿತಾ ನಿಮಗೆ? ಒಲೆಯಲ್ಲಿ ಬೆಂಕಿ ಉರಿಯುತ್ತಿದೆ, ಮೇಜಿನ ಮೇಲೆ ಊಟ ಬಡಿಸಿಟ್ಟಿದೆ, ಎಲ್ಲ ಒಪ್ಪಓರಣ. ಅಷ್ಟು ಚೊಕ್ಕಟ ಇರುವಲ್ಲೇ ಒಂದು ಹನಿ ಕೆಂಪು ಎದ್ದು ಕಾಣುವುದು.

ಅಲ್ಲಿಗೆ ಡ್ರಾಕುಲಾ ಬರುತ್ತಾನೆ. ಮೊದಲು ಮೆಟ್ಟಿಲ ತುದಿಯಲ್ಲಿ ಬರೀ ಕಪ್ಪು ಆಕಾರ. ಜೇಮ್ಸ್ ಬರ್ನಾರ್ಡ್ ಅವರ ಸಂಗೀತ ಮೂರೇ ಸ್ವರದಲ್ಲಿ ಅವನ ಹೆಸರನ್ನು ಕೂಗುತ್ತದೆ: ಡ್ರಾ-ಕು-ಲಾ. ಇನ್ನೇನೋ ಆಗಲಿದೆ ಅಂದುಕೊಳ್ಳುವಷ್ಟರಲ್ಲಿ ಸರಸರನೆ ಇಳಿದುಬಂದು, ಮರ್ಯಾದಸ್ಥ ಮನೆಯ ಯಜಮಾನನಂತೆ ಮಾತಾಡಿಸುತ್ತಾನೆ. ಕೋಟೆಗೆ ಬಂದ ಅತಿಥಿಯ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಮಹಡಿ ಹತ್ತುತ್ತಾನೆ. ಡ್ರಾಕುಲಾ ಆಗಿ ನಟಿಸಿದ ಕ್ರಿಸ್ಟೋಫರ್ ಲೀ ಆರೂಕಾಲು ಅಡಿಗಿಂತ ಎತ್ತರದ ಆಳು. ಇಡೀ ಚಿತ್ರದಲ್ಲಿ ಅವರು ಮಾತಾಡುವುದು ಆ ಅತಿಥಿಯ ಜೊತೆ, ಶುರುವಿನ ಹೊತ್ತಿನಲ್ಲಿ ಮಾತ್ರ. ಆಮೇಲೆ ಒಂದು ಮಾತೂ ಇಲ್ಲ. ಬಾಯಿ ತುಂಬ ರಕ್ತ ಮಾಡಿಕೊಂಡು ಮೇಜು ಹಾರಿ ಬರುವಾಗ ನಾವು ನೋಡುವುದು, ಸ್ವಲ್ಪ ಮುಂಚೆ ಪೆಟ್ಟಿಗೆ ಹೊತ್ತ ಅದೇ ಮನುಷ್ಯನನ್ನು. ನನಗೆ ಇದು ಯಾವ ಮುಖವಾಡಕ್ಕಿಂತ ಭಯಂಕರ.

ಆದರೂ ನನ್ನನ್ನು ಹಿಡಿದಿರುವುದು ಡ್ರಾಕುಲಾ ಅಲ್ಲ, ಮನೆಯೊಳಗಿನವರು. ಈ ಚಿತ್ರಗಳಲ್ಲಿ ಕೇಡು ಬಾಗಿಲು ಮುರಿದು ಬರುವುದು ಕಡಿಮೆ. ಒಳಗಿನವರು ಯಾರೋ ಚಿಲಕ ತೆಗೆಯುತ್ತಾರೆ. ಲೂಸಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕಾಯಿಲೆಯ ಹುಡುಗಿ. ಮನೆಯವರು ಶುಭರಾತ್ರಿ ಹೇಳಿ ಹೋಗುತ್ತಾರೆ. ಅವರು ಹೋದದ್ದು ಖಾತ್ರಿಯಾದ ಮೇಲೆ ಎದ್ದು ಬಾಲ್ಕನಿಯ ಬಾಗಿಲು ತೆರೆಯುತ್ತಾಳೆ. ಕೊರಳಿನ ಶಿಲುಬೆ ತೆಗೆದಿಡುತ್ತಾಳೆ. ಮತ್ತೆ ಬಂದು ಮಲಗಿ, ಬಾಗಿಲ ಕಡೆ ನೋಡುತ್ತಾ ಕಾಯುತ್ತಾಳೆ. ಹೊರಗೆ ಒಣಗಿದ ಎಲೆಗಳು ಗಾಳಿಗೆ ಹಾರುತ್ತಿವೆ. ಅವಳ ಮುಖದಲ್ಲಿ ಹೆದರಿಕೆಯೂ ಇದೆ, ಆಸೆಯೂ ಇದೆ. ನಿರ್ದೇಶಕ ಟೆರೆನ್ಸ್ ಫಿಶರ್ ಇದಕ್ಕೆ ಒಂದು ಮಾತನ್ನೂ ಖರ್ಚು ಮಾಡಿಲ್ಲ. ಅಣ್ಣ, ಅತ್ತಿಗೆ, ಡಾಕ್ಟರು ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುವ ಮನೆ ಅದು. ಆ ಮನೆ ಕೊಡಲಾರದ ಏನೋ ಒಂದು ಅವಳಿಗೆ ಬೇಕಾಗಿದೆ.

ಬ್ರಾಮ್ ಸ್ಟೋಕರ್ ಅವರ 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಡಗು ಹತ್ತಿ ಇಂಗ್ಲೆಂಡಿಗೆ ಬರುತ್ತಾನೆ. ಹ್ಯಾಮರ್ ಹತ್ತಿರ ಹಡಗು, ಸಮುದ್ರಕ್ಕೆಲ್ಲ ದುಡ್ಡೆಲ್ಲಿತ್ತು? ಚಿತ್ರಕಥೆ ಬರೆದ ಜಿಮ್ಮಿ ಸ್ಯಾಂಗ್‌ಸ್ಟರ್ ಕೋಟೆಯನ್ನೂ ಲೂಸಿಯ ಮನೆಯನ್ನೂ ಕುದುರೆಗಾಡಿಯ ದೂರಕ್ಕೆ ತಂದುಬಿಟ್ಟರು. ಬಾವಲಿ, ತೋಳ ಆಗುವುದೂ ಬೇಡ. ಅದೆಲ್ಲ ಜನರ ತಪ್ಪು ತಿಳಿವಳಿಕೆ ಅಂತ ವ್ಯಾಂಪೈರ್‌ಗಳ ಬೆನ್ನು ಹತ್ತಿದ ಡಾಕ್ಟರ್ ವ್ಯಾನ್ ಹೆಲ್ಸಿಂಗ್ ಬಾಯಲ್ಲೇ ಹೇಳಿಸಿದರು. ಬಡತನಕ್ಕೆ ಮಾಡಿದ ಈ ಉಪಾಯ ಕಥೆಗೆ ವರವಾಯಿತು. ಕೇಡು ದೂರದ ದೇಶದಿಂದ ಬರುವುದಲ್ಲ ಈಗ, ಪಕ್ಕದಲ್ಲೇ ಇದೆ. ಕೊನೆಕೊನೆಗೆ ಪಕ್ಕದಲ್ಲೂ ಅಲ್ಲ. ಲೂಸಿಯ ಅತ್ತಿಗೆ ಮೀನಾಳನ್ನು ಕಾಯಲು ಗಂಡನೂ ಡಾಕ್ಟರೂ ರಾತ್ರಿಯಿಡೀ ಮನೆಯ ಹೊರಗೆ ನಿಲ್ಲುತ್ತಾರೆ. ಬೆಳಗಾಗುವಾಗ ಅವಳು ರಕ್ತ ಹೋಗಿ ಬಿದ್ದಿದ್ದಾಳೆ. ನೆಲಮಾಳಿಗೆಗೆ ಇಳಿಯಬೇಡ ಅಂತ ಅಮ್ಮಾವ್ರು ಹೇಳಿದ್ದಾರೆ ಎಂದು ಕೆಲಸದವಳು ಬಾಯಿಬಿಟ್ಟಾಗ ಡಾಕ್ಟರಿಗೆ ಹೊಳೆಯುತ್ತದೆ. ಡ್ರಾಕುಲಾನ ಶವಪೆಟ್ಟಿಗೆ ಆ ಮನೆಯ ನೆಲಮಾಳಿಗೆಯಲ್ಲೇ ಇದೆ! ಕಾವಲು ಕಾದವರು ಹೊರಗೆ, ಕಳ್ಳ ಒಳಗೆ.

ಮುಂದಿನ ಚಿತ್ರಗಳಲ್ಲೂ ಇದೇ ಎಳೆ. 1960ರ 'ದಿ ಬ್ರೈಡ್ಸ್ ಆಫ್ ಡ್ರಾಕುಲಾ'ದಲ್ಲಿ ಒಬ್ಬ ತಾಯಿ ತನ್ನ ಚೆಂದದ ಮಗನ ಕಾಲಿಗೆ ಸರಪಳಿ ಹಾಕಿಟ್ಟಿದ್ದಾಳೆ. ಅಲ್ಲಿಗೆ ಬಂದ ಯುವತಿಗೆ ಕರುಳು ಚುರ್ ಅನ್ನುತ್ತದೆ. ಕೀಲಿ ಕದ್ದು ಬಿಡಿಸುತ್ತಾಳೆ. ಒಳ್ಳೆಯ ಮನಸ್ಸಿನ ಕೆಲಸವೇ ಊರಿಗೆಲ್ಲ ಕಂಟಕ. 1966ರ 'ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್'ನಲ್ಲಿ ಲೀ ಅವರಿಗೆ ಮಾತೇ ಇಲ್ಲ. ಆದರೆ ಅದು ಬಾರ್ಬರಾ ಶೆಲ್ಲಿ ಅವರ ಚಿತ್ರ. ಅವರ ಹೆಲನ್ ಬಿಗಿ ಸ್ವಭಾವದ ಗೃಹಿಣಿ. ಈ ಕೋಟೆ ಬೇಡ, ಹೋಗೋಣ ಅಂದವಳು ಅವಳೊಬ್ಬಳೇ. ಕಚ್ಚಿಸಿಕೊಂಡ ಮೇಲೆ ಅವಳೇ ರಾತ್ರಿ ಓರಗಿತ್ತಿಯ ಕಿಟಕಿಗೆ ಬಂದು, ಚಳಿ ಆಗ್ತಿದೆ, ಒಳಗೆ ಬಿಡು ಅಂತ ಬೇಡುತ್ತಾಳೆ. ನಂಟಿನವಳಲ್ಲವೇ, ತೆಗೆಯದೆ ಹೇಗಿರುವುದು? ಮುಂದೆ ಸನ್ಯಾಸಿಗಳು ಅವಳನ್ನು ಮೇಜಿನ ಮೇಲೆ ಒತ್ತಿ ಹಿಡಿದು ಎದೆಗೆ ಗೂಟ ಹೊಡೆಯುವಾಗ ನಾನು ಅವಳ ಪರ. ಆ ದೃಶ್ಯ ನೋಡಿ ಸಂಕಟಪಡದವರು ಕಡಿಮೆ. 1970ರ 'ಟೇಸ್ಟ್ ದಿ ಬ್ಲಡ್ ಆಫ್ ಡ್ರಾಕುಲಾ' ಇನ್ನೂ ನೇರ. ದಾನಧರ್ಮದ ನೆಪ ಹೇಳಿ ವೇಶ್ಯಾಗೃಹಕ್ಕೆ ಹೋಗುವ ಮೂವರು ಗೌರವಸ್ಥ ಅಪ್ಪಂದಿರು ಅದರಲ್ಲಿ. ಅವರನ್ನು ಕೊಲ್ಲುವವರು ಅವರದೇ ಮಕ್ಕಳು. ಡ್ರಾಕುಲಾ ನಿಂತು ನೋಡುತ್ತಾನೆ ಅಷ್ಟೇ.

ಪೀಟರ್ ಕುಶಿಂಗ್ ಅವರ ಬಗ್ಗೆ ಹೇಳದಿದ್ದರೆ ಈ ಉತ್ತರ ಅರ್ಧಕ್ಕೇ ನಿಂತ ಹಾಗೆ. ಲೀ ಅವರನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹ್ಯಾಮರ್‌ನ ಜೀವ ಅಂದರೆ ಕುಶಿಂಗ್. ಅವರ ವ್ಯಾನ್ ಹೆಲ್ಸಿಂಗ್ ಕೆಲಸದ ಮನುಷ್ಯ. ಟಿಪ್ಪಣಿಗಳನ್ನು ಯಂತ್ರಕ್ಕೆ ಹೇಳಿ ಮುದ್ರಿಸಿಕೊಳ್ಳುತ್ತಾರೆ, ರಕ್ತ ಕೊಡಿಸುತ್ತಾರೆ, ತೋಳು ಮಡಚಿ ಗೂಟ ಹೊಡೆಯುತ್ತಾರೆ. ಸ್ಮಶಾನದ ದೃಶ್ಯ ಜ್ಞಾಪಿಸಿಕೊಳ್ಳಿ. ವ್ಯಾಂಪೈರ್ ಆದ ಲೂಸಿಯನ್ನು ಈಗಷ್ಟೇ ಓಡಿಸಿದ್ದಾರೆ. ಪಕ್ಕದಲ್ಲಿ ನಡುಗುತ್ತಾ ಒಂದು ಪುಟ್ಟ ಹುಡುಗಿ. ಮುಂದಿರುವುದು ಘೋರ ಕೆಲಸ. ಅವರು ಕೆಳಗೆ ಕೂತು, ತುಪ್ಪಳದ ಕಾಲರಿನ ತಮ್ಮ ಕೋಟು ಬಿಚ್ಚಿ ಆ ಮಗುವಿಗೆ ಸುತ್ತುತ್ತಾರೆ. ಈಗ ನೀನು ಥೇಟ್ ಕರಡಿ ಬೊಂಬೆ ಅನ್ನುತ್ತಾರೆ. ಸೂರ್ಯ ಹುಟ್ಟುವುದನ್ನು ನೋಡುತ್ತಿರು ಅಂತ ಕೂರಿಸಿ ಆಮೇಲೆ ಒಳಗೆ ಹೋಗುತ್ತಾರೆ. ಕೊನೆಯ ಹೊಡೆದಾಟದಲ್ಲಿ ಮೇಜಿನ ಮೇಲೆ ಓಡಿ ಪರದೆ ಕಿತ್ತು ಬಿಸಿಲು ಬಿಡುವುದು, ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುವುದು, ಎರಡೂ ಕುಶಿಂಗ್ ಅವರೇ ಕೊಟ್ಟ ಸಲಹೆ. ಅಗ್ಗದ ಚಿತ್ರ ಅಂತ ಯಾವತ್ತೂ ಅಗ್ಗವಾಗಿ ನಟಿಸಲಿಲ್ಲ ಆ ಪುಣ್ಯಾತ್ಮ.

ದೆವ್ವದ ಕಥೆಗೆ ನಮ್ಮಲ್ಲಿ ಬರವಿಲ್ಲ ಮೇಡಂ, ನಿಜ. ಊರೂರಲ್ಲಿ ಇವೆ, ಇನ್ನೂ ಬರೆಸುತ್ತೇವೆ. ಆದರೆ ಇವು ಇಂಗ್ಲಿಷರು ತಮ್ಮ ಮನೆಯ ಬಗ್ಗೆ ತಾವೇ ಹೇಳಿಕೊಂಡ ಕಥೆಗಳು. ಊರಿನ ಹೆಸರು ಜರ್ಮನ್ ಥರ ಇದ್ದರೂ ಮಾತು, ನಡತೆ, ನಡುಮನೆ ಎಲ್ಲ ಅವರದೇ. ಸಭ್ಯತೆಯ ಕೆಳಗೆ ಏನನ್ನು ಮುಚ್ಚಿಟ್ಟಿದ್ದೇವೆ ಅಂತ ಅವರು ಇಷ್ಟು ಬಿಚ್ಚುಮನಸ್ಸಿನಿಂದ ತೋರಿಸಿದ್ದು ದೊಡ್ಡ ಬಜೆಟ್ಟಿನ ಗಂಭೀರ ಚಿತ್ರಗಳಲ್ಲೂ ಅಪರೂಪ. ಅದಕ್ಕೇ ನಾಲ್ಕು ಪುಟ.

ಮುಂದೆ ಯಾವುದು ಅಂದಿರಿ. 'ದಿ ಬ್ರೈಡ್ಸ್ ಆಫ್ ಡ್ರಾಕುಲಾ' ನೋಡಿ. ಲೀ ಇಲ್ಲ, ಕುಶಿಂಗ್ ಇದ್ದಾರೆ. ಕಚ್ಚಿಸಿಕೊಂಡ ವ್ಯಾನ್ ಹೆಲ್ಸಿಂಗ್ ಕಾದ ಕಬ್ಬಿಣದಿಂದ ತನ್ನ ಕೊರಳನ್ನು ತಾನೇ ಸುಟ್ಟುಕೊಳ್ಳುವ ದೃಶ್ಯದಲ್ಲಿ ಬಹುಶಃ ಯಾರೂ ನಗಲಿಕ್ಕಿಲ್ಲ. ಅದಾದ ಮೇಲೆ 'ಪ್ರಿನ್ಸ್ ಆಫ್ ಡಾರ್ಕ್‌ನೆಸ್', ಆಮೇಲೆ 'ಟೇಸ್ಟ್ ದಿ ಬ್ಲಡ್'. ಡ್ರಾಕುಲಾನನ್ನು 1970ರ ದಶಕದ ಲಂಡನ್ನಿಗೆ ತಂದ ಕೊನೆಯ ಎರಡನ್ನು ಬಿಟ್ಟರೂ ನಷ್ಟವಿಲ್ಲ. ಆ ಹೊತ್ತಿಗೆ ಬ್ರೇ ಸ್ಟುಡಿಯೋ ಬಿಟ್ಟಾಗಿತ್ತು, ಮೊದಲಿನ ಕಳೆಯೂ ಹೋಗಿತ್ತು. ಇನ್ನೊಂದು ಮಾತು. 1958ರ ಚಿತ್ರದಲ್ಲಿ ಡ್ರಾಕುಲಾ ಬಿಸಿಲಿಗೆ ಸಿಕ್ಕಿ ತನ್ನ ಮುಖದ ಚರ್ಮವನ್ನೇ ಕಿತ್ತುಕೊಳ್ಳುವ ತುಣುಕೊಂದು ಬ್ರಿಟನ್ನಿನ ಸೆನ್ಸಾರ್‌ನ ಕತ್ತರಿಗೆ ಸಿಕ್ಕಿ ಹೋಗಿತ್ತು. ಜಪಾನಿಗೆ ಹೋದ ಪ್ರಿಂಟ್‌ನಲ್ಲಿ ಉಳಿದಿದ್ದ ಅದು 2011ರಲ್ಲಿ ಟೋಕಿಯೋದ ಫಿಲ್ಮ್ ಭಂಡಾರದಲ್ಲಿ ಸಿಕ್ಕಿತು. ಅದನ್ನು ಸೇರಿಸಿ ಸರಿಪಡಿಸಿದ ಪ್ರತಿ 2013ರಲ್ಲಿ ಬ್ಲೂ-ರೇ ಆಗಿ ಬಂದಿದೆ. ನೀವು ನೋಡಿದ್ದರಲ್ಲಿ ಆ ತುಣುಕು ಇರದಿದ್ದರೆ, ಆ ಪ್ರತಿಯನ್ನೇ ಹುಡುಕಿ ಕೊನೆಯ ಹತ್ತು ನಿಮಿಷ ಮತ್ತೆ ನೋಡಿ.

— ಸಂಪಾದಕ