ಹೊಸ ಸೀ ಕಯಾಕ್ ಬರುತ್ತಂತೆ, ಕಾಯಲಾ?

ಚಳಿಗಾಲದಲ್ಲಿ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹೊಸ ಕಯಾಕ್‌ಗಳ, ಅಂದರೆ ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಗಳ ಬಗ್ಗೆಯೇ ಇರುತ್ತವೆ. ನೀರಿಗಿಳಿಯುವ ದಿನಗಳು ಕಡಿಮೆ, ಬರಲಿರುವ ಮಾದರಿಗಳ ಸುದ್ದಿ ಜಾಸ್ತಿ. ಈ ಸಲ ನಾಲ್ಕು ಪತ್ರಗಳಿಗೆ ಉತ್ತರ ಬರೆದಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ. ಉಳಿದ ಮೂರಕ್ಕೂ ಬೇರು ಅಲ್ಲೇ ಇದೆ.

ಪ್ರಶ್ನೆ: ಸರ್, ನಾನು ಹಾಸನದವನು, ಬ್ರಿಸ್ಟಲ್‌ನಲ್ಲಿ ಕೆಲಸ. ಆರು ವರ್ಷದಿಂದ ಸಮುದ್ರದಲ್ಲಿ ಕಯಾಕ್ ನಡೆಸುತ್ತಿದ್ದೇನೆ. ನನ್ನದು ಹದಿನೇಳೂವರೆ ಅಡಿಯ ಹಳೇ ಬ್ರಿಟಿಷ್ ಮಾದರಿ, ಮೂತಿ ಮೇಲಕ್ಕೆ ಎದ್ದಿರುವಂಥದ್ದು. ಒಂದು ಕಂಪನಿ ಬರುವ ವಸಂತಕ್ಕೆ 18 ಅಡಿಯ ಪರ್ಫಾರ್ಮೆನ್ಸ್ ಸೀ ಕಯಾಕ್, ಅಂದರೆ ವೇಗಕ್ಕೆಂದೇ ಮಾಡಿದ ಕಡಲ ಕಯಾಕ್, ಬಿಡುತ್ತಿದೆ. ಮೂತಿ ನೆಟ್ಟಗೆ ನೀರಿಗೆ ಇಳಿದಿದೆ, ಚುಕ್ಕಾಣಿ ಇದೆ, ಅಗಲ ಬರೀ 21 ಇಂಚು. ಗುಂಪಿನಲ್ಲಿ ಹೋದರೆ ನಾನೇ ಯಾವಾಗಲೂ ಹಿಂದೆ ಬೀಳುತ್ತೇನೆ. ಮುಂಗಡ ಕೊಟ್ಟು ಕಾಯಲಾ?

ಉತ್ತರ: ಹಿಂದೆ ಬೀಳುವ ಬೇಸರ ನನಗೆ ಚೆನ್ನಾಗಿ ಗೊತ್ತು. ಮುಂದಿನವರು ನಿಂತು ಕಾಯುತ್ತಾರೆ. ನೀವು ತಲುಪಿದ ಕೂಡಲೇ ಅವರು ಮತ್ತೆ ಹೊರಡುತ್ತಾರೆ. ಅವರಿಗೆ ವಿಶ್ರಾಂತಿ ಸಿಕ್ಕಿರುತ್ತದೆ, ನಿಮಗೆ ಸಿಕ್ಕಿರುವುದಿಲ್ಲ. ಆದರೂ ಮುಂಗಡ ಕೊಡುವ ಮೊದಲು ಒಂದು ಲೆಕ್ಕ ಮಾಡೋಣ.

ನೀರಿನಲ್ಲಿ ಸಾಗುವ ಪ್ರತಿ ದೋಣಿಯೂ ತನ್ನದೇ ಒಂದು ತೆರೆ ಎಬ್ಬಿಸುತ್ತದೆ. ವೇಗ ಹೆಚ್ಚಿದ ಹಾಗೆ ಆ ತೆರೆ ಉದ್ದವಾಗುತ್ತಾ ಹೋಗುತ್ತದೆ. ಅದು ದೋಣಿಯಷ್ಟೇ ಉದ್ದವಾಯಿತೆಂದರೆ ನೀವು ನಿಮ್ಮದೇ ತೆರೆಯ ಏರು ಹತ್ತುತ್ತಿದ್ದೀರಿ ಎಂದರ್ಥ. ಅಲ್ಲಿಂದ ಮುಂದೆ ಎಷ್ಟು ಹುಟ್ಟು ಹಾಕಿದರೂ ವೇಗ ಏರುವುದು ಅಷ್ಟಕ್ಕಷ್ಟೇ. ಈ ಮಿತಿಗೆ ಒಂದು ಹಳೇ ಅಂದಾಜು ಇದೆ. ದೋಣಿಯ ಎಷ್ಟು ಉದ್ದ ನೀರು ಮುಟ್ಟುತ್ತದೋ ಅದನ್ನು ಅಡಿಯಲ್ಲಿ ಅಳೆಯಿರಿ. ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬಂದದ್ದು ನಾಟ್ ಲೆಕ್ಕದ ವೇಗ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ನಿಮ್ಮ ಈಗಿನ ದೋಣಿಯ ಎರಡೂ ತುದಿ ಮೇಲೆದ್ದಿವೆ, ಹಾಗಾಗಿ ನೀರು ಮುಟ್ಟುವುದು ಹದಿನೈದೂವರೆ ಅಡಿ ಇರಬಹುದು. ಅದರ ಮಿತಿ ಸುಮಾರು 5.3 ನಾಟ್. ನೆಟ್ಟಗಿನ ಮೂತಿಯ ಹೊಸ ದೋಣಿಯಲ್ಲಿ ಹೆಚ್ಚು ಕಡಿಮೆ ಪೂರ್ತಿ 18 ಅಡಿಯೂ ನೀರಿನಲ್ಲೇ ಇರುತ್ತದೆ. ಅದಕ್ಕೆ ಸುಮಾರು 5.7. ವ್ಯತ್ಯಾಸ ಗಂಟೆಗೆ ಮುಕ್ಕಾಲು ಕಿಲೋಮೀಟರ್‌ನ ಆಸುಪಾಸು.

ಅಷ್ಟಾದರೂ ಸಿಗುತ್ತಲ್ಲ ಎನ್ನುತ್ತೀರಿ. ಆದರೆ ಅದು ಸಿಗುವುದು ಮಿತಿಯ ಹತ್ತಿರ ಹೋದಾಗ ಮಾತ್ರ. ದಿನವಿಡೀ ಪ್ರವಾಸ ಮಾಡುವವರು ಸಾಮಾನ್ಯವಾಗಿ ಹೋಗುವುದು 3ರಿಂದ ಮೂರೂವರೆ ನಾಟ್‌ನಲ್ಲಿ. ಆ ವೇಗದಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸುವುದು ತೆರೆಯಲ್ಲ, ನೀರಿನ ತಿಕ್ಕಾಟ. ನೀರು ಮುಟ್ಟುವ ಮೈ ಜಾಸ್ತಿ ಇದ್ದಷ್ಟೂ ತಿಕ್ಕಾಟ ಜಾಸ್ತಿ. ಉದ್ದ ದೋಣಿಗೆ ಆ ಮೈ ಹೆಚ್ಚಿರುತ್ತದೆ. ಅಂದರೆ ನೀವು ಮೂರೂವರೆ ನಾಟ್‌ನಲ್ಲಿ ಹೋಗುವವರಾದರೆ ಹೊಸ ದೋಣಿ ನಿಮ್ಮನ್ನು ಒಂದಿಷ್ಟು ನಿಧಾನ ಮಾಡಲೂಬಹುದು. ಇನ್ನೊಂದು ವಿಷಯ. ವೇಗ 4ರಿಂದ ನಾಲ್ಕೂವರೆ ನಾಟ್‌ಗೆ ಏರಬೇಕಾದರೆ ತೋಳು, ಸೊಂಟ, ಕಾಲು ಸೇರಿ ಕನಿಷ್ಠ ಶೇ 40ರಷ್ಟು ಹೆಚ್ಚು ಶಕ್ತಿ ಕೊಡಬೇಕು. ಅದನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಹಾಗಾಗಿ ಮೊದಲು ಇದನ್ನು ಮಾಡಿ. ಗಾಳಿಯಿಲ್ಲದ ಬೆಳಿಗ್ಗೆ, ಉಬ್ಬರ ಇಳಿತ ಎರಡೂ ನಿಂತ ಹೊತ್ತಿನಲ್ಲಿ, ಜಿಪಿಎಸ್ ಹಾಕಿಕೊಂಡು ಒಂದು ಗಂಟೆ ನಿಮ್ಮ ದೋಣಿಯಲ್ಲೇ ಒಂದೇ ಹದದಲ್ಲಿ ಹೋಗಿ. ಸರಾಸರಿ ನಾಲ್ಕೂವರೆ ನಾಟ್ ದಾಟಿದರೆ ನೀವು ನಿಮ್ಮ ದೋಣಿಯನ್ನು ಮೀರಿದ್ದೀರಿ, ಖಂಡಿತ ಕಾಯಿರಿ. ನಾಲ್ಕಕ್ಕಿಂತ ಕಡಿಮೆ ಬಂದರೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಹುಟ್ಟು ತೆಗೆದುಕೊಂಡು ಹತ್ತು ದಿನ ತರಬೇತಿಗೆ ಹೋಗಿ. ಗುಂಪಿನಲ್ಲಿ ಮುಂದೆ ಬರುತ್ತೀರಿ.

ಹಾಗಾದರೆ ಈ ದೋಣಿಗಳಿಗೆ ಇಷ್ಟು ಹೆಸರು ಯಾಕೆ? ಇವುಗಳ ನಿಜವಾದ ಆಟ ಸಪಾಟು ನೀರಿನಲ್ಲಿಲ್ಲ, ಬೆನ್ನ ಹಿಂದಿನಿಂದ ಬರುವ ತೆರೆಯಲ್ಲಿದೆ. ಗಾಳಿ ಎಬ್ಬಿಸುವ ಸಣ್ಣ ತೆರೆಗಳನ್ನೇ ತೆಗೆದುಕೊಳ್ಳಿ. ಎರಡೂವರೆ ಸೆಕೆಂಡಿಗೊಂದರಂತೆ ಬರುವ ತೆರೆ ಸುಮಾರು ಏಳೂವರೆ ನಾಟ್‌ನಲ್ಲಿ ಓಡುತ್ತಿರುತ್ತದೆ. ಅದು ಹಿಂತುದಿಯನ್ನು ಎತ್ತಿದ ಕ್ಷಣದಲ್ಲಿ ನಾಲ್ಕೈದು ಹುಟ್ಟು ಜೋರಾಗಿ ಹಾಕಿ ಐದೂವರೆ ನಾಟ್ ಮುಟ್ಟಿದಿರೋ, ಉಳಿದದ್ದನ್ನು ತೆರೆಯೇ ಎಳೆದುಕೊಳ್ಳುತ್ತದೆ. ಹಳೇ ದೋಣಿ ಆ ಐದೂವರೆಯ ಹೊಸ್ತಿಲಲ್ಲೇ ಎಡವುತ್ತದೆ. ಹೊಸದು ದಾಟುತ್ತದೆ. ಆಮೇಲೆ ಕಿವಿಗೆ ಸದ್ದೇ ಬದಲಾಗುತ್ತದೆ. ತಳದಲ್ಲಿ ಚಟಪಟ ನಿಂತು ಸರ್‍ರ್ ಎಂದು ಒಂದೇ ಸಮ ಸೀಳುವ ಸದ್ದು. ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ, ಅಲ್ಲೇ ಹುಟ್ಟಿದ ರಾಕ್‌ಪೂಲ್ ಟಾರಾನ್ ಎಂಬ ಇಂಥದೇ ವೇಗದ ದೋಣಿಯಲ್ಲಿ ಕುಳಿತು ಅದನ್ನು ಮೊದಲು ಕೇಳಿದ ದಿನ ದಡಕ್ಕೆ ಬರಲು ಮನಸ್ಸೇ ಆಗಿರಲಿಲ್ಲ. ನೀವು ಗಾಳಿಯ ದಿನ ಗಾಳಿಯ ಜೊತೆಗೇ ದೂರ ಹೋಗಲು ಇಷ್ಟಪಡುವವರಾದರೆ, ನಾನು ಮೇಲೆ ಹೇಳಿದ ಲೆಕ್ಕವೆಲ್ಲ ಬೇರೆಯಾಗುತ್ತದೆ.

21 ಇಂಚಿನ ಅಗಲ ಮಾತ್ರ ಒಳಗೆ ಕೂತೇ ನೋಡಬೇಕು. ಪ್ರದರ್ಶನದ ದೋಣಿ ಸಿಕ್ಕರೆ ಸಪಾಟು ನೀರಿನಲ್ಲಿ ಒಂದು ಸುತ್ತು ಹಾಕಿ ತೀರ್ಮಾನ ಮಾಡಬೇಡಿ. ತೆರೆಗಳು ಅಡ್ಡಾದಿಡ್ಡಿ ಏಳುವ ಜಾಗಕ್ಕೆ ಹೋಗಿ, ಹುಟ್ಟನ್ನು ಮಡಿಲಲ್ಲಿಟ್ಟು, ನೀರಿನ ಬಾಟಲಿ ತೆರೆದು ಎರಡು ಗುಟುಕು ಕುಡಿಯಿರಿ. ಆಗ ಸೊಂಟ ತನ್ನಷ್ಟಕ್ಕೆ ಅತ್ತಿತ್ತ ಆಡುತ್ತಿದ್ದರೆ ಸರಿ. ಉಸಿರು ಬಿಗಿಹಿಡಿದು ಹುಟ್ಟಿಗೆ ಕೈ ಹಾಕಿದಿರಾದರೆ ಆ ದೋಣಿ ಇನ್ನೂ ನಿಮ್ಮದಲ್ಲ. ಹೆದರಿದ ಮೈ ತಿರುಗುವುದಿಲ್ಲ. ಮೈ ತಿರುಗದಿದ್ದರೆ ಹುಟ್ಟಿಗೆ ಬಲವಿಲ್ಲ. ವೇಗದ ದೋಣಿಯಲ್ಲಿ ನಿಧಾನ ಹೋಗುವವರನ್ನು ನಾನು ತುಂಬ ನೋಡಿದ್ದೇನೆ.

ಇನ್ನು ಮುಂಗಡದ ಮಾತು. ಒಂದು ಸಲ ನಾನೂ ಹೊಸ ಮಾದರಿಗೆ ದುಡ್ಡು ಕೊಟ್ಟು ಕಾದಿದ್ದೆ. ವಸಂತ ಎಂದವರು ಬೇಸಿಗೆ ಎಂದರು, ದೋಣಿ ಬಂದಾಗ ಶರತ್ಕಾಲ. ಹೊಸ ಅಚ್ಚಿನ ಮೊದಲ ದೋಣಿಗಳಲ್ಲಿ ಅದೂ ಒಂದು. ಹಿಂದಿನ ಮುಚ್ಚಳದ ಸುತ್ತ ನೀರು ಜಿನುಗುತ್ತಿತ್ತು. ಒಂದು ಸೀಸನ್ ಕಳೆಯುವಷ್ಟರಲ್ಲಿ ಇಂಥದ್ದನ್ನು ತಯಾರಕರೇ ಸರಿ ಮಾಡಿಕೊಳ್ಳುತ್ತಾರೆ. ಅಲ್ಲದೆ ಹೊಸದು ಬಂದ ಕೂಡಲೇ ಹಿಂದಿನ ಮಾದರಿಯ ಒಳ್ಳೊಳ್ಳೆ ದೋಣಿಗಳು ಸೆಕೆಂಡ್ ಹ್ಯಾಂಡ್‌ಗೆ ಬರುತ್ತವೆ. ಯಾವುದನ್ನು ಕೊಂಡರೂ ಒಂದು ಪರೀಕ್ಷೆ ಬಿಡಬೇಡಿ. ಸಾಮಾನು ಇಡುವ ಕೋಣೆಗೆ ನಾಲ್ಕೈದು ಚೊಂಬು ನೀರು ಸುರಿದು, ಮುಚ್ಚಳ ಹಾಕಿ, ದೋಣಿಯನ್ನು ಬೋರಲು ಹಾಕಿ ಹತ್ತು ನಿಮಿಷ ಬಿಡಿ. ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ.

ಕೊನೆಗೆ, ಬೇಸರ ಮಾಡಿಕೊಳ್ಳದೆ ಇದನ್ನೂ ಓದಿ. ಪಾಲ್ ಕ್ಯಾಫಿನ್ 1982ರಲ್ಲಿ ಆಸ್ಟ್ರೇಲಿಯಾ ಖಂಡವನ್ನೇ ಕಯಾಕ್‌ನಲ್ಲಿ ಸುತ್ತಿ ಮುಗಿಸಿದರು. 360 ದಿನ ಹಿಡಿಯಿತು. ಅವರ ದೋಣಿ ನಾರ್ಡ್‌ಕ್ಯಾಪ್. 1975ರ ನಾರ್ವೆ ಯಾತ್ರೆಗಾಗಿ ಫ್ರ್ಯಾಂಕ್ ಗುಡ್‌ಮನ್ ರೂಪಿಸಿದ್ದು, ನಿಮ್ಮ ದೋಣಿಯ ಜಾತಿಯದೇ. 2009ರಲ್ಲಿ ಫ್ರೇಯಾ ಹಾಫ್‌ಮೈಸ್ಟರ್ ಅದೇ ಸುತ್ತನ್ನು ಎಪಿಕ್ 18ಎಕ್ಸ್ ಎಂಬ ನೆಟ್ಟಗಿನ ಮೂತಿಯ ವೇಗದ ದೋಣಿಯಲ್ಲಿ 332 ದಿನದಲ್ಲಿ ಮುಗಿಸಿದರು. ಅದರಲ್ಲೂ ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿಯನ್ನು ದಂಡೆ ಹಿಡಿದು ಸುತ್ತದೆ ನೇರವಾಗಿ ದಾಟಿದ್ದರು. ನಡುವೆ 27 ವರ್ಷ, ಉಳಿತಾಯ 28 ದಿನ.

ಪ್ರಶ್ನೆ: ಹೊಸ ಮಾದರಿಗಳಲ್ಲೆಲ್ಲ ಚುಕ್ಕಾಣಿ ಬರುತ್ತಿದೆ. ನಾನು ಸ್ಕೆಗ್ (ತಳದಿಂದ ಕೆಳಗಿಳಿಯುವ, ಅತ್ತಿತ್ತ ತಿರುಗದ ಸಣ್ಣ ರೆಕ್ಕೆ) ಇರುವ ದೋಣಿಯಲ್ಲೇ ಕಲಿತವಳು. ಚುಕ್ಕಾಣಿ ಕಲಿಯದವರಿಗೆ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ನಿಜವಾ? (ಸಿಯಾಟಲ್‌ನ ಓದುಗರು)

ಉತ್ತರ: ಅವರು ಹೇಳಿದ ಕಾಲಕ್ಕೆ ಅದರಲ್ಲಿ ನಿಜವಿತ್ತು. ಆಗಿನ ಚುಕ್ಕಾಣಿಗಳಲ್ಲಿ ಕಾಲಿನಡಿಯ ಪೆಡಲ್ಲೇ ಹಿಂದೆ ಮುಂದೆ ಜಾರುತ್ತಿತ್ತು. ಕಾಲು ಒದೆಯಲು ಗಟ್ಟಿ ನೆಲೆ ಇರಲಿಲ್ಲ. ಕಯಾಕ್‌ನಲ್ಲಿ ಬಲ ಹುಟ್ಟುವುದೇ ಕಾಲಿನಿಂದ. ಬಲಗಡೆ ಹುಟ್ಟು ಹಾಕುವಾಗ ಬಲಗಾಲು ಒದೆಯಬೇಕು, ಆ ಒದೆತ ಸೊಂಟ ತಿರುಗಿಸಿ ತೋಳಿಗೆ ಬರಬೇಕು. ಈಗಿನ ದೋಣಿಗಳಲ್ಲಿ ಪಾದ ಒತ್ತುವ ಹಲಗೆ ಅಲುಗಾಡುವುದಿಲ್ಲ, ಕಾಲ್ಬೆರಳ ತುದಿಯ ಸಣ್ಣ ಪೆಡಲ್ ಮಾತ್ರ ಆಡುತ್ತದೆ. ಹಾಗಾಗಿ ಆ ಹಳೇ ದೂರು ಈಗಿಲ್ಲ.

ಉದ್ದದ, ಹೆಚ್ಚು ತಿರುಗದ ದೋಣಿಗೆ ಚುಕ್ಕಾಣಿ ಬೇಕೇ ಬೇಕು. ತೆರೆಯ ಮೇಲೆ ಓಡುವಾಗ ಹುಟ್ಟನ್ನು ಹಿಂದೆ ಹಿಡಿದು ದಿಕ್ಕು ತಿದ್ದಿದರೆ ವೇಗವೆಲ್ಲ ಸತ್ತುಹೋಗುತ್ತದೆ. ಚುಕ್ಕಾಣಿಯಾದರೆ ಬೆರಳ ಒಂದು ಒತ್ತು ಸಾಕು.

ಆದರೆ ಗುರುಗಳ ಪಾಠ ಮರೆಯಬೇಡಿ. ಒಂದು ಸಂಜೆ ದಡ ಇನ್ನೂ ಎರಡು ಗಂಟೆ ದೂರ ಇರುವಾಗ ನನ್ನ ಚುಕ್ಕಾಣಿಯ ತಂತಿ ಕಿತ್ತುಹೋಯಿತು. ಗಾಳಿ ಪಕ್ಕದಿಂದ ಬೀಸುತ್ತಿತ್ತು, ದೋಣಿ ಪದೇಪದೇ ಗಾಳಿಯ ಕಡೆಗೇ ಮೂತಿ ತಿರುಗಿಸುತ್ತಿತ್ತು. ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿಕೊಂಡು, ಒಂದೇ ಕಡೆ ಅಗಲವಾಗಿ ಹುಟ್ಟು ಹಾಕುತ್ತಾ ಬಂದೆ. ಮರುದಿನ ಎಡಭುಜ ಎತ್ತಲಾಗಲಿಲ್ಲ. ಸ್ಕೆಗ್‌ನಲ್ಲಿ ಕಲಿತದ್ದರಿಂದಲೇ ಬಂದು ಮುಟ್ಟಿದೆ. ಅಂದಿನಿಂದ ಉಕ್ಕಿನ ತಂತಿ ತೆಗೆದು ಡೈನೀಮಾ ಎಂಬ ಗಟ್ಟಿ ಕೃತಕ ನಾರಿನ ಹುರಿ ಹಾಕಿದ್ದೇನೆ, ಜೊತೆಗೆ ಒಂದು ತುಂಡು ಹುರಿ ಯಾವಾಗಲೂ ಚೀಲದಲ್ಲಿರುತ್ತದೆ.

ಪ್ರಶ್ನೆ: ನಮ್ಮದು ಕುಂದಾಪುರ ಹತ್ತಿರ. ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಪ್ಲಾಸ್ಟಿಕ್ ಕಯಾಕ್ ಓಡಿಸಿ ಅಭ್ಯಾಸ. ಈಗ ಕಡಲಿಗೆ ಹೋಗುವ ಆಸೆ. ಹೊಸ ಫೈಬರ್ ಕಯಾಕ್ ಹೊರದೇಶದಿಂದ ತರಿಸಿದರೆ ಹೇಗೆ?

ಉತ್ತರ: ಅವಸರ ಬೇಡ ಮಾರಾಯ್ರೆ. ನಮ್ಮ ಕಡೆಯ ದಂಡೆ ನಿಮಗೆ ಗೊತ್ತಲ್ವಾ. ಎಷ್ಟೋ ಕಡೆ ತೆರೆ ದಂಡೆಯ ಮೇಲೇ ದಬಕ್ಕನೆ ಬೀಳುತ್ತದೆ. ಅಲ್ಲಿ 18 ಅಡಿಯ ದೋಣಿ ಅಡ್ಡಕ್ಕೆ ಸಿಕ್ಕಿದರೆ ಒಂದೇ ಏಟಿಗೆ ಸೀಳು ಬಿಡುತ್ತದೆ. ಅಳಿವೆಯಲ್ಲಿ ಇಳಿತದ ನೀರಿಗೂ ಕಡಲ ತೆರೆಗೂ ಡಿಕ್ಕಿಯಾಗುವ ಹೊತ್ತಂತೂ ಇನ್ನೂ ಕಷ್ಟ. ಮೊದಲ ಎರಡು ವರ್ಷಕ್ಕೆ ಮೇಲೆ ಕೂರುವಂಥ, ಬಿದ್ದರೆ ಹತ್ತಿಕೊಳ್ಳಬಹುದಾದ, ಕಲ್ಲಿಗೆ ತಾಗಿದರೂ ಒಡೆಯದ ಪ್ಲಾಸ್ಟಿಕ್ ದೋಣಿಯೇ ಸರಿ.

ದೋಣಿಗಿಂತ ಗಾಳಿಯನ್ನು ಕಲಿಯಿರಿ. ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ಮೂಡಣ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಂಡೆಯಿಂದ ನೋಡಿದರೆ ನೀರು ಕನ್ನಡಿ. ಒಂದು ಕಿಲೋಮೀಟರ್ ಆಚೆ ಹೋದಮೇಲೆ ವಾಪಸ್ ಬರುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಮಧ್ಯಾಹ್ನ ಗಾಳಿ ವಾಯವ್ಯಕ್ಕೆ ತಿರುಗುತ್ತದೆ. ಆಗ ಉತ್ತರದಿಂದ ದಕ್ಷಿಣಕ್ಕೆ ಹೊರಟರೆ ಗಾಳಿ ಬೆನ್ನಿಗೆ. ಓಸ್ಕರ್ ಸ್ಪೆಕ್ ಎಂಬ ಜರ್ಮನ್ನರು 1932ರಲ್ಲಿ ಉಲ್ಮ್‌ನಿಂದ ಹೊರಟು 1939ರಲ್ಲಿ ಆಸ್ಟ್ರೇಲಿಯಾ ಕಡೆ ಮುಟ್ಟಿದ್ದು ಮಡಚುವ ಬಟ್ಟೆ ಕಯಾಕ್‌ನಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅವರು ಸಾಗಿದ್ದೂ ಉತ್ತರದಿಂದ ದಕ್ಷಿಣಕ್ಕೇ. ನಿಮ್ಮೂರಿನಲ್ಲಿ ನಾಡದೋಣಿ ಬಿಡುವ ಹಿರಿಯರೊಬ್ಬರ ಹತ್ತಿರ ಒಂದು ವಾರ ಬೆಳಿಗ್ಗೆ ಕುಳಿತುಕೊಳ್ಳಿ. ಯಾವ ತಿಂಗಳು, ಯಾವ ಹೊತ್ತು, ಎಲ್ಲಿ ದಾಟಬೇಕು ಎಂದು ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ.

ಪ್ರಶ್ನೆ: ಊರು ಧಾರವಾಡ, ಈಗ ಇರುವುದು ಸ್ವೀಡನ್‌ನ ಗೋಥೆನ್‌ಬರ್ಗ್. ನನ್ನ ತೂಕ 51 ಕಿಲೋ. ಯಾವ ವೇಗದ ಕಯಾಕ್‌ನಲ್ಲಿ ಕೂತರೂ ಗಾಳಿಗೆ ಎಲೆಯ ಹಾಗೆ ಹಾರುತ್ತೇನೆ. ಸಣ್ಣ ಅಳತೆಯದು ಮುಂದೆ ಬರುತ್ತದೆ ಎನ್ನುತ್ತಾರೆ. ಕಾಯಬೇಕಾ?

ಉತ್ತರ: ಹೌದು, ನೀವು ಕಾಯಿರಿ. ಈ ನಾಲ್ಕು ಪತ್ರಗಳಲ್ಲಿ ಕಾಯಲೇಬೇಕಾದವರು ನೀವೊಬ್ಬರೇ.

80–90 ಕಿಲೋ ಆಳಿಗೆಂದು ಮಾಡಿದ ದೋಣಿ ನಿಮ್ಮ ತೂಕಕ್ಕೆ ಸಾಕಷ್ಟು ಮುಳುಗುವುದೇ ಇಲ್ಲ. ನೀರಿನ ಹಿಡಿತ ಕಡಿಮೆ, ಗಾಳಿಗೆ ಸಿಗುವ ಮೈ ಜಾಸ್ತಿ. ಅಂಚು ಎತ್ತರವಾದ್ದರಿಂದ ಕೈಯನ್ನೂ ಮೇಲೆತ್ತಿ ಹುಟ್ಟು ಹಾಕಬೇಕು, ಭುಜ ಬೇಗ ಸೋಲುತ್ತದೆ. ತಪ್ಪು ನಿಮ್ಮದಲ್ಲ. ಇಷ್ಟು ವರ್ಷ ದೊಡ್ಡ ಅಳತೆಯನ್ನೇ ಮೊದಲು ಮಾಡಿ ಸಣ್ಣದನ್ನು ಮುಂದೂಡುತ್ತಾ ಬಂದ ತಯಾರಕರ ಮೇಲೆ ನನಗೆ ಬೇಸರವಿದೆ. ಟಾರಾನ್‌ಗೆ 16 ಅಡಿಯ ತಮ್ಮ ಬಂದದ್ದೂ ದೊಡ್ಡದು ಬಂದಮೇಲೆಯೇ.

ಅಲ್ಲಿಯವರೆಗೆ ಈಗಿನ ದೋಣಿಯಲ್ಲಿ ಸೀಟಿನ ಹಿಂದೆ, ಆದಷ್ಟು ತಳಕ್ಕೆ, ಹತ್ತು ಲೀಟರ್ ನೀರಿನ ಚೀಲ ಕಟ್ಟಿ ನೋಡಿ. ಸಡಿಲ ಬಿಡಬೇಡಿ, ವಾಲಿದಾಗ ಅದೂ ಆ ಕಡೆಗೇ ಜಾರುತ್ತದೆ.

ತಯಾರಕರಿಗೆ ಈಗಲೇ ಒಂದು ಪತ್ರ ಬರೆಯಿರಿ. ಸಣ್ಣ ಅಳತೆ ಎಂದರೆ ಎಷ್ಟು ಕಿಲೋ ಆಳಿಗೆ ಎಂದು ನೇರವಾಗಿ ಕೇಳಿ. ಸೀಟು, ಮುಚ್ಚಳ, ಚುಕ್ಕಾಣಿ ಎಲ್ಲ ಸೇರಿ ತಕ್ಕಡಿಯಲ್ಲಿ ದೋಣಿಯ ತೂಕ ಎಷ್ಟು ಬರುತ್ತದೆ ಎಂದೂ ಕೇಳಿ. ಕಾರಿನ ಮೇಲೆ ಒಬ್ಬರೇ ಎತ್ತಿಡುವವರಿಗೆ ಎರಡು ಕಿಲೋ ಸಣ್ಣ ವಿಷಯವಲ್ಲ. ನಿಮ್ಮ ತೂಕ ಬರೆಯುವಾಗ ಡ್ರೈಸೂಟ್ (ನೀರು ಒಳಗಿಳಿಯದ ಉಡುಪು), ಲೈಫ್ ಜಾಕೆಟ್ ಸೇರಿಸಿ ಬರೆಯಿರಿ.