ಪದರ ಇದೆ ಎಂದರೆ ಸಾಲದು

ತಿಪಟೂರಿನಿಂದ ಪದವಿ ಕಾಲೇಜಿನ ಉಪನ್ಯಾಸಕರೊಬ್ಬರು ಬರೆದಿರುವ ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ಬ್ರಹ್ಮಗಿರಿ ಉತ್ಖನನದ ಲೇಖನ ಓದಿದೆ. ಮಣ್ಣು ಪದರ ಪದರವಾಗಿ ಕೂತಿದೆ. ಬಂಡೆಯೂ ಹಾಗೆ, ಆಳವಾದ ಜಲಾಶಯದ ನೀರೂ ಹಾಗೆ. ಸಂಖ್ಯಾಶಾಸ್ತ್ರದವರೂ ಜನರನ್ನು ಸ್ತರಗಳಾಗಿಯೇ ವಿಂಗಡಿಸುತ್ತಾರೆ. ಎಲ್ಲ ಶಾಸ್ತ್ರಗಳಲ್ಲೂ ಇರುವ ಸ್ತರವಿನ್ಯಾಸ ಪ್ರಕೃತಿಯ ನಿಯಮ ತಾನೆ? ಹಾಗಿದ್ದ ಮೇಲೆ ಸಮಾಜದ ಸ್ತರಗಳನ್ನು ಮಾತ್ರ ನಿಮ್ಮ ಪತ್ರಿಕೆ ದೋಷವೆಂಬಂತೆ ಬರೆಯುವುದೇಕೆ? ಕೆಳಗಿನ ಪದರ ತೆಗೆದರೆ ಮೇಲಿನದು ನಿಂತೀತೆ?"

ಮೇಷ್ಟ್ರೇ, ನಾಲ್ಕು ವಿಭಾಗಗಳ ಗೋಡೆ ಹಾರಿ ಪ್ರಶ್ನೆ ಕೇಳಿದ್ದೀರಿ. ನಮ್ಮ ಕಾಲೇಜುಗಳಲ್ಲಿ ಭೂವಿಜ್ಞಾನದವರು ಸಮಾಜಶಾಸ್ತ್ರದವರ ಕೊಠಡಿಗೆ ಚಹಾ ಕುಡಿಯಲೂ ಹೋಗುವುದಿಲ್ಲವಾದ್ದರಿಂದ ಇಂಥ ಪ್ರಶ್ನೆ ಬರುವುದೇ ಅಪರೂಪ. ಸ್ತರಗಳೇ ಇಲ್ಲದ ಸಮಾಜ ಎಲ್ಲೂ ಇದ್ದಿಲ್ಲ ಎಂದು ಸಮಾಜಶಾಸ್ತ್ರಜ್ಞ ಸೊರೊಕಿನ್ 1927ರಲ್ಲೇ ಬರೆದಿದ್ದ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಅಲ್ಲಿಂದ ಮುಂದಕ್ಕೆ ಒಂದೇ ಜಿಗಿತಕ್ಕೆ 'ಪ್ರಕೃತಿಯ ನಿಯಮ'ಕ್ಕೆ ಹೋಗಿಬಿಟ್ಟಿರಿ. ಪದರ ಕಂಡೊಡನೆ ಕೇಳಬೇಕಾದದ್ದು, ಇದನ್ನು ಇಲ್ಲಿ ಹಿಡಿದು ನಿಲ್ಲಿಸಿರುವುದು ಯಾವುದು ಎಂದು.

ಮಣ್ಣಿನಿಂದಲೇ ಶುರು ಮಾಡೋಣ. ಡೆನ್ಮಾರ್ಕಿನ ಸ್ಟೆನೊ 1669ರಲ್ಲಿ ಇಟಲಿಯ ಟಸ್ಕನಿಯ ಬಂಡೆಗಳನ್ನು ನೋಡಿ ಹೇಳಿದ್ದು ಇಷ್ಟೇ: ಕದಡದೆ ಉಳಿದಿದ್ದರೆ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಅಲ್ಲಿ ಮೇಲು ಕೀಳಿನ ಮಾತೇ ಇಲ್ಲ, ಇರುವುದು ಮೊದಲು ಆಮೇಲೆ ಎಂಬ ಲೆಕ್ಕ. ಅದಕ್ಕೂ 'ಕದಡದೆ ಉಳಿದಿದ್ದರೆ' ಎಂಬ ಷರತ್ತು ಬೇರೆ. ಸ್ವಿಟ್ಜರ್ಲೆಂಡಿನ ಗ್ಲಾರಸ್ ಬೆಟ್ಟಗಳಲ್ಲಿ 25 ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಅದಕ್ಕಿಂತ ಎಷ್ಟೋ ಎಳೆಯ ಕಲ್ಲಿನ ಮೇಲೆ ಕೂತಿದೆ. ಆಲ್ಪ್ಸ್ ಏಳುವಾಗ ಅಡ್ಡಲಾಗಿ ತಳ್ಳಿದ ಬಲ ಅದನ್ನು ಅಲ್ಲಿಗೆ ಏರಿಸಿತು. ಅಷ್ಟು ದೂರ ಹೋಗುವುದೂ ಬೇಡ. ಕೆರೆಯ ಹೂಳೆತ್ತಿ ಏರಿಯ ಪಕ್ಕ ಸುರಿಯುವಾಗ ಮೇಲಿನ ಹೊಸ ಹೂಳು ಮೊದಲು ಬಂದು ರಾಶಿಯ ತಳ ಸೇರುತ್ತದೆ, ತಳದ ಹಳೆಯದು ಕೊನೆಗೆ ಬಂದು ನೆತ್ತಿಯ ಮೇಲೆ ಕೂರುತ್ತದೆ. ಇದನ್ನು ತಿಳಿಯದವನು ಆ ರಾಶಿಯನ್ನು ಅಗೆದು ಇತಿಹಾಸ ಬರೆದರೆ ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟುತ್ತಾನೆ.

ಬ್ರಹ್ಮಗಿರಿಯ ಪಾಠವೂ ಇದೇ. ಮೊಳಕಾಲ್ಮೂರು ತಾಲ್ಲೂಕಿನ ಆ ಜಾಗದಲ್ಲಿ ಪುರಾತತ್ವಜ್ಞ ವ್ಹೀಲರ್ 1947ರಲ್ಲಿ ಅಗೆಸಿದಾಗ ತಳದಲ್ಲಿ ನುಣುಪು ಕಲ್ಲುಕೊಡಲಿಯವರ ನೆಲೆ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳವರದು, ತುದಿಯಲ್ಲಿ ಆಂಧ್ರ ಅಥವಾ ಶಾತವಾಹನ ಕಾಲದ್ದು ಸಿಕ್ಕಿತು. ಮೇಲಿನ ಪದರಕ್ಕೆ ಕಾಲ ಕೊಟ್ಟದ್ದು ಚುಕ್ಕೆಗೆರೆಗಳ ತಟ್ಟೆಯ ಚೂರುಗಳು. ಅಂಥವೇ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ಕಾಲ ಮೊದಲೇ ಗೊತ್ತಿದ್ದ ಇಟಲಿಯ ಮಡಕೆಗಳ ಜೊತೆ ಸಿಕ್ಕಿದ್ದವು. ಅಲ್ಲಿಂದ ಕೆಳಕ್ಕೆ ಅಂದಾಜು ಹಾಕುತ್ತಾ ಕಲ್ಲುಕೊಡಲಿಯವರ ಆರಂಭವನ್ನು ಆತ ಕ್ರಿ.ಪೂ. ಒಂದನೆಯ ಸಹಸ್ರಮಾನದ ಮೊದಲ ಭಾಗಕ್ಕೆ ತಂದ. ಆಮೇಲೆ ರೇಡಿಯೋ ಕಾರ್ಬನ್ ಪರೀಕ್ಷೆ ಬಂದು ದಕ್ಷಿಣದ ನವಶಿಲಾಯುಗವನ್ನು, ಅಂದರೆ ಈ ಕಲ್ಲುಕೊಡಲಿಯವರ ಕಾಲವನ್ನು, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಪದರಗಳ ಕ್ರಮ ಅಲುಗಲಿಲ್ಲ, ಆತ ಹಾಕಿದ ವಯಸ್ಸಿನ ಲೆಕ್ಕ ಮಾತ್ರ ಬಿದ್ದುಹೋಯಿತು. ಯಾವುದರ ಮೇಲೆ ಯಾವುದು ಎಂದಷ್ಟೇ ಪದರ ಹೇಳುತ್ತದೆ. ಎಷ್ಟು ಕಾಲ, ಯಾಕೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

ಆ ಕ್ರಮವನ್ನಾದರೂ ಸರಿಯಾಗಿ ಓದುವುದು ಸುಲಭವಲ್ಲ. ಚೌಕಗಳಾಗಿ ಅಗೆಯುತ್ತಾ ನಡುವೆ ಮಣ್ಣಿನ ಗೋಡೆ ಬಿಡುವುದು ಯಾಕೆಂದರೆ ಆ ಗೋಡೆಯ ಮೈಯಲ್ಲೇ ಪದರಗಳ ಗೆರೆ ಕಾಣುವುದು. ಗೋಡೆ ಒಣಗಿದರೆ ಎಲ್ಲವೂ ಒಂದೇ ಬಣ್ಣ. ಕರಣೆಯಿಂದ ಹೆರೆದು, ನೀರು ಚಿಮುಕಿಸಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಗುಂಡಿ. ಶಾತವಾಹನರ ಕಾಲದಲ್ಲಿ ಯಾರೋ ಕಸಕ್ಕೆಂದು ತೋಡಿದ ಗುಂಡಿ ಕೆಳಗಿನ ಎರಡು ಪದರ ಸೀಳಿಕೊಂಡು ಇಳಿದಿರುತ್ತದೆ. ಅದರ ತಳದಲ್ಲಿ ಬಿದ್ದ ನಾಣ್ಯ ಆಳದಲ್ಲಿದ್ದರೂ ಹಳೆಯದಲ್ಲ. ಗುಂಡಿಯ ಅಂಚಿನ ಗೆರೆ ಕಣ್ಣಿಗೆ ಬೀಳದಿದ್ದರೆ ಕಲ್ಲುಕೊಡಲಿಯವರ ಕೈಗೆ ನಾಣ್ಯ ಕೊಟ್ಟಹಾಗಾಯಿತು. ಇಲಿಬಿಲ, ಬೇರು, ಅಡಿಪಾಯದ ಕಲ್ಲು ಕದ್ದೊಯ್ದ ಕಂದಕ ಇವೆಲ್ಲದರದೂ ಇದೇ ಕಥೆ.

ನೀರಿನ ಉದಾಹರಣೆಯನ್ನು ನೀವು ಕೊಡದಿದ್ದರೆ ನಿಮಗೇ ಒಳ್ಳೆಯದಿತ್ತು. ಬೇಸಿಗೆಯಲ್ಲಿ ಮೇಲಿನ ನೀರು ಕಾಯುತ್ತದೆ, ಹಗುರಾಗುತ್ತದೆ, ತಂಪು ನೀರಿನ ಮೇಲೆ ಹಾಗೇ ನಿಲ್ಲುತ್ತದೆ. ನಮ್ಮಂಥ ಬಿಸಿ ಸೀಮೆಯಲ್ಲಿ ಒಂದೇ ಡಿಗ್ರಿ ಅಂತರವೂ ಸಾಕು: 29 ಮತ್ತು 30 ಡಿಗ್ರಿ ನೀರಿನ ಸಾಂದ್ರತೆಯ ವ್ಯತ್ಯಾಸ 5 ಮತ್ತು 6 ಡಿಗ್ರಿಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಮೇಲಿನ ಆಮ್ಲಜನಕ ಕೆಳಗಿಳಿಯುವುದಿಲ್ಲ. ತಳದ ಕೆಸರಿನಿಂದ ಕಬ್ಬಿಣ, ಮ್ಯಾಂಗನೀಸ್ ಕರಗಿ ಬರುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಸೇರುತ್ತದೆ. ಇದನ್ನೆಲ್ಲ ಹಿಡಿದು ನಿಲ್ಲಿಸಿರುವುದು ಬಿಸಿಲು. ಅದು ನಿತ್ಯ ಬಂದು ಬೀಳಬೇಕು. ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ಮೇಲಿನ ನೀರು ತಣ್ಣಗಾಗಿ ಗಾಳಿಯೂ ಬೀಸಿದರೆ ಇಡೀ ನೀರು ಬೆರೆತುಹೋಗುತ್ತದೆ. ತಳದ ನೀರು ಒಮ್ಮೆಲೇ ಮೇಲೆ ಬಂದಾಗ ಮೀನು ಸಾಯುವುದೂ ಉಂಟು. ಹಾಗೆಂದು ಬೆರೆಯದೆ ಉಳಿಯುವುದೇ ಕ್ಷೇಮ ಎನ್ನಬೇಡಿ. ಕ್ಯಾಮರೂನಿನ ನ್ಯೋಸ್ ಸರೋವರ ಬಹುಕಾಲ ಬೆರೆಯದೆ ಉಳಿದು ತಳದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿತ್ತು. 1986ರ ಆಗಸ್ಟ್ 21ರ ರಾತ್ರಿ ಅದು ಉಕ್ಕಿ ಸುತ್ತಲಿನ ಕಣಿವೆಗಳಲ್ಲಿ ಸುಮಾರು 1,700 ಜನ ಉಸಿರುಗಟ್ಟಿ ಸತ್ತರು. 2001ರಿಂದ ಅಲ್ಲಿ ತಳದವರೆಗೆ ಕೊಳವೆ ಇಳಿಬಿಟ್ಟು ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತಿದ್ದಾರೆ.

ಇನ್ನು ಸಂಖ್ಯಾಶಾಸ್ತ್ರದ ಸ್ತರ. ಅದು ಸಮೀಕ್ಷೆಗಾರ ತನ್ನ ಅನುಕೂಲಕ್ಕೆ ಎಳೆದ ಗೆರೆ, ಕೆಲಸ ಮುಗಿದ ಮೇಲೆ ಅಳಿಸಬಹುದಾದದ್ದು. 1,000 ಮನೆಗಳ ಊರು ಎಂದಿಟ್ಟುಕೊಳ್ಳಿ. 900 ಸಣ್ಣ ಹಿಡುವಳಿ, ಸರಾಸರಿ 2 ಎಕರೆ. 100 ದೊಡ್ಡವು, ಸರಾಸರಿ 20 ಎಕರೆ. ಚೀಟಿ ಎತ್ತಿ 100 ಮನೆ ಆರಿಸಿದರೆ ದೊಡ್ಡವರು ಒಮ್ಮೆ ನಾಲ್ಕೇ ಬರಬಹುದು, ಇನ್ನೊಮ್ಮೆ ಹದಿನಾರು. ಅದಕ್ಕೇ ಎರಡು ಸ್ತರ ಮಾಡಿ, ಒಂದೊಂದರಿಂದ ಬೇರೆ ಬೇರೆಯಾಗಿ ಆರಿಸುವುದು. ದೊಡ್ಡವರ ಹಿಡುವಳಿಗಳಲ್ಲಿ ಏರುಪೇರು ಹೆಚ್ಚಾದ್ದರಿಂದ ಸಂಖ್ಯಾಶಾಸ್ತ್ರಜ್ಞ ನೇಮನ್ 1934ರಲ್ಲಿ ತೋರಿಸಿದ ಲೆಕ್ಕದಂತೆ ಅವರನ್ನು ಹೆಚ್ಚು ಕೇಳಬೇಕು, 50 ಸಣ್ಣವರು, 50 ದೊಡ್ಡವರು ಎನ್ನೋಣ. ಆಗ ಒಂದೊಂದು ಸಣ್ಣ ಮನೆ 18 ಮನೆಗಳ ಪರವಾಗಿ ಮಾತಾಡುತ್ತದೆ, ದೊಡ್ಡ ಮನೆ ಎರಡರ ಪರವಾಗಿ. ಈ ತೂಕ ಹಾಕಿದರೆ ಊರಿನ ಸರಾಸರಿ 3.8 ಎಕರೆ. ತೂಕ ಮರೆತು ನೂರನ್ನೂ ಕೂಡಿ ಭಾಗಿಸಿದರೆ 11 ಎಕರೆ! ಕಾಗದದ ಮೇಲೆ ಊರಿಗೆ ಊರೇ ಜಮೀನ್ದಾರರದಾಯಿತು.

ಈಗ ಸಮಾಜಕ್ಕೆ ಬನ್ನಿ. ನಿಮ್ಮ ವಾದವನ್ನು ನಿಮಗಿಂತ ಚೆನ್ನಾಗಿ 1945ರಲ್ಲಿ ಡೇವಿಸ್ ಮತ್ತು ಮೂರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಮಂಡಿಸಿದ್ದಾರೆ: ಮುಖ್ಯ ಹುದ್ದೆಗೆ ಸಮರ್ಥರು ಬರಬೇಕಾದರೆ ಹೆಚ್ಚು ಪ್ರತಿಫಲ ಇರಲೇಬೇಕು ಎಂದು. 1953ರಲ್ಲಿ ಅವರದೇ ದೇಶದ ಸಮಾಜಶಾಸ್ತ್ರಜ್ಞ ಟ್ಯೂಮಿನ್ ಕೇಳಿದ್ದು, ಶಾಲೆಯ ಬಾಗಿಲೇ ತೆರೆಯದ ಮನೆಗಳಲ್ಲಿ ಎಷ್ಟು ಸಾಮರ್ಥ್ಯ ಇದೆ ಎಂದು ಯಾರು ಅಳೆದಿದ್ದಾರೆ ಅಂತ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಕಂಡದ್ದು ಇನ್ನೂ ಬೇರೆ. ಜಾತಿಯ ಏಣಿಯಲ್ಲಿ ಎರಡು ತುದಿಗಳ ಸ್ಥಾನ ಮಾತ್ರ ಖಚಿತ, ನಡುವೆ ಇದ್ದವರೆಲ್ಲ ತಾವೇ ಮೇಲು ಎಂದು ವಾದ ಹೂಡುವವರು. ಯಾರು ಯಾರ ಮನೆಯ ನೀರು, ಅನ್ನ ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಆ ವಾದ ನಡೆಯುತ್ತಿತ್ತು. ಆದರೆ ಊರಲ್ಲಿ ಮಾತು ನಡೆಯುತ್ತಿದ್ದದ್ದು ಜಮೀನು ಇದ್ದವರದು, ತಲೆ ಎಣಿಕೆಯಲ್ಲಿ ಹೆಚ್ಚಿದ್ದವರದು. ಯಾವ ಬಂಡೆಯೂ ತಾನು ಯಾವ ಪದರದಲ್ಲಿರಬೇಕು ಎಂದು ಪಕ್ಕದ ಬಂಡೆಯ ಜೊತೆ ಜಗಳ ಆಡುವುದಿಲ್ಲ, ಮೇಷ್ಟ್ರೇ.

ಕೆಳಗಿನದನ್ನು ತೆಗೆದರೆ ಮೇಲಿನದು ನಿಂತೀತೆ ಎಂದಿರಿ. ಒಮ್ಮೆ ತೆಗೆದು ನೋಡಿದ್ದೇವಲ್ಲ! 1974ರ ಮಾರ್ಚ್ 1ರಿಂದ ರಾಜ್ಯದಲ್ಲಿ ಗೇಣಿ ರದ್ದಾಯಿತು. ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ ಎಷ್ಟೋ ಒಕ್ಕಲುಗಳು ಒಡೆಯರಾದರು. ಗೇಣಿ ನಿಂತಿತು, ಉಳುಮೆ ನಿಲ್ಲಲಿಲ್ಲ. ಕುಂದು ಇದ್ದದ್ದು ಬೇರೆ ಕಡೆ. ಪಹಣಿಯಲ್ಲಿ ಹೆಸರಿಲ್ಲದ ಬಾಯಿಮಾತಿನ ಗೇಣಿದಾರ ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಯಿತು. ಗೇಣಿಯೇ ಇಲ್ಲದ ಕೂಲಿಯವರಿಗೆ ಆ ಫಾರಂ ತುಂಬುವ ದಾರಿಯೇ ಇರಲಿಲ್ಲ.

ನನ್ನ ತಕರಾರು ನಿಮ್ಮೊಬ್ಬರ ಮೇಲಲ್ಲ. ಪಠ್ಯಪುಸ್ತಕದಲ್ಲಿ ಒಂದು ತ್ರಿಕೋನ ಬರೆದು ಮೂರು ಅಡ್ಡಗೆರೆ ಎಳೆದರೆ ಸ್ತರವಿನ್ಯಾಸದ ಪಾಠ ಮುಗಿಯಿತು. ಎತ್ತರ ಅಂದರೆ ಆದಾಯವೋ ಜಮೀನೋ ಮರ್ಯಾದೆಯೋ, ಕೇಳುವವರಿಲ್ಲ. ಪ್ರದರ್ಶನದ ಕಪಾಟಿನಲ್ಲಿ ಮಡಕೆಗೆ ಊರಿನ ಹೆಸರು ಅಂಟಿಸಿರುತ್ತಾರೆ, ಪದರದ ಸಂಖ್ಯೆ ಇರುವುದಿಲ್ಲ. ಸಮೀಕ್ಷೆಯ ವರದಿ ಬಿಡುಗಡೆಯಾದ ದಿನ ಪತ್ರಿಕೆಗಳು (ನಮ್ಮದನ್ನೂ ಸೇರಿಸಿ) ತಲೆಬರಹಕ್ಕೆ ಎತ್ತಿಕೊಳ್ಳುವುದು ರಾಜ್ಯದ ಸರಾಸರಿ. ಯಾವ ಸ್ತರದಲ್ಲಿ ಎಷ್ಟು ಮನೆ ಇದ್ದವು, ಎಷ್ಟನ್ನು ಕೇಳಿದರು, ಒಂದೊಂದಕ್ಕೆ ಎಷ್ಟು ತೂಕ ಎಂಬ ಕೋಷ್ಟಕ ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ಮುಂದಿನ ವರದಿ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದಾಗ ಮಕ್ಕಳಿಗೆ ಮೊದಲು ಆ ಪುಟ ತೆಗೆಸಿ ಓದಿಸಿ.

— ಸಂಪಾದಕ