ಸುವಾರ್ತೆ ಅಂದ್ರೇನು ಅಂತ ಸಹೋದ್ಯೋಗಿ ಕೇಳಿದರೆ

"ನಿಮ್ಮ ಸುವಾರ್ತೆ ಅಂದ್ರೆ ಏನು?" ಅಂತ ಸಹೋದ್ಯೋಗಿ ಕೇಳಿದಾಗ ಮಾತೇ ಹೊರಡಲಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು. ಗಾಬರಿಯಲ್ಲಿ ಆದಾಮನಿಂದ ಹಿಡಿದು ಎಲ್ಲವನ್ನೂ ಹೇಳಲು ಹೋಗಿ ಮುಖ್ಯವಾದದ್ದನ್ನೇ ಬಿಟ್ಟೆ.

ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ, ಅದರ ತಿರುಳು ಚಿಕ್ಕದು. ಬೈಬಲಿನ 1 ಕೊರಿಂಥ ಪತ್ರದ 15ನೇ ಅಧ್ಯಾಯ, 3-4ನೇ ವಚನಗಳಲ್ಲಿ ಅಪೊಸ್ತಲ ಪೌಲ ಅದನ್ನು ಕೊಟ್ಟಿದ್ದಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು. ಇದು ವಾರ್ತೆ, ಬುದ್ಧಿವಾದವಲ್ಲ. "ಒಳ್ಳೆಯವರಾಗಿ, ದೇವರು ಮೆಚ್ಚುತ್ತಾನೆ" ಅಂತ ಹೇಳಿಬಿಟ್ಟರೆ ಸುವಾರ್ತೆಯೇ ತಲೆಕೆಳಗಾಗುತ್ತದೆ.

ನಮ್ಮ ಯೋಗ್ಯತೆ ನೋಡದೆ ದೇವರು ತೋರಿಸುವ ಈ ಪ್ರೀತಿಗೇ ಕೃಪೆ ಅನ್ನುತ್ತೇವೆ. ಆ ಪದ ಅವರಿಗೆ ಅರ್ಥವಾಗದಿದ್ದರೆ ಲೂಕನ ಸುವಾರ್ತೆ 15ನೇ ಅಧ್ಯಾಯದ ಕಿರಿಯ ಮಗನ ಕಥೆ ಹೇಳಿ. ಆಸ್ತಿಯೆಲ್ಲ ಹಾಳುಮಾಡಿಕೊಂಡವನು "ನನ್ನನ್ನು ಕೂಲಿಯವನಂತೆ ಇಟ್ಟುಕೋ" ಅನ್ನಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಆ ಕೂಲಿಯ ಮಾತು ಕೊನೆಗೂ ಬಾಯಿಂದ ಹೊರಬರುವುದೇ ಇಲ್ಲ! ಎಷ್ಟು ಸಲ ಓದಿದರೂ ಅಲ್ಲಿಗೆ ಬಂದಾಗ ನನ್ನ ಕಣ್ಣು ತುಂಬುತ್ತದೆ.

ಇನ್ನು ಹೇಳುವ ರೀತಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಫಿಲಿಪ್ಪ, ರಥದಲ್ಲಿ ಕೂತು ಓದುತ್ತಿದ್ದ ಒಬ್ಬ ಅಧಿಕಾರಿಯ ಹತ್ತಿರ ಓಡಿಹೋಗಿ ಮೊದಲು ಕೇಳಿದ್ದು ಪ್ರಶ್ನೆ: ಓದುತ್ತಿರುವುದು ಅರ್ಥವಾಗುತ್ತಿದೆಯೇ? ಆ ಮನುಷ್ಯ ಓದುತ್ತಿದ್ದ ಪ್ರವಾದಿ ಯೆಶಾಯನ ಮಾತಿನಿಂದಲೇ ಮುಂದುವರಿಸಿದ. ನೀವೂ ಮೊದಲು ಅವರನ್ನು ಕೇಳಿ, ಈ ಪ್ರಶ್ನೆ ಮನಸ್ಸಿಗೆ ಯಾಕೆ ಬಂತು ಅಂತ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ, ಸ್ನೇಹ ಮಾತ್ರ ಬಿಡಬೇಡಿ. ಓದುವ ಆಸೆ ತೋರಿಸಿದರೆ ಮಾರ್ಕನ ಸುವಾರ್ತೆ ಕೊಡಿ, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆ ಪುಸ್ತಕಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ.